ನಮ್ಮ ಅಕ್ಕೋರಿಗೆ ಇದ್ದ ಬಿಡುವು ಇವತ್ತಿನ ಟೀಚರಿಗೂ ಸಿಗಲಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ನನ್ನ ಅಮ್ಮಮ್ಮ ತೀರಿಕೊಂಡರು. ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಮಕ್ಕಳಿಗೂ, ಆ ಮಕ್ಕಳ ಅಪ್ಪ ಅಮ್ಮಂದಿರಿಗೂ ಅವರು 'ಅಕ್ಕೋರು'.

ವೈಕುಂಠ ಸಮಾರಾಧನೆಯ ದಿನ ಅವರ ಹಳೆಯ ವಿದ್ಯಾರ್ಥಿಗಳು ತುಂಬಾ ಜನ ಬಂದಿದ್ದರು. ಕೆಲವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಒಬ್ಬೊಬ್ಬರೂ ಬಂದು ಮಾತಾಡಿಸಿದರು. ಅಕ್ಕೋರು ಮಗ್ಗಿ ಎಷ್ಟು ಚೆನ್ನಾಗಿ ಹೇಳಿಕೊಟ್ಟರು ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಹೇಳಿದ್ದು ಒಂದೇ ಮಾತು: 'ಅಕ್ಕೋರು ನಮ್ಮನೆಗೆ ಬಂದಿದ್ರು.' ಅದನ್ನು ನಿಮಗೆ ತಿಳಿಸಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು, ಗದ್ದೆ, ತೋಟ ಎಲ್ಲ ಮುಳುಗಿ, ಉಳಿದವರು ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಮನೆ ಕಟ್ಟಿಕೊಂಡಿದ್ದ ಕಾಲದಲ್ಲಿ ಅಮ್ಮಮ್ಮ ಅಲ್ಲಿಗೆ ಹೋದರು. ಸಾಗರಕ್ಕೆ ಬರಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಹಿನ್ನೀರು ದಾಟಬೇಕಿತ್ತು. ದಿನಾ ಓಡಾಡುವುದು ಆಗದ ಮಾತು ಎಂದು ಅಲ್ಲೇ ಮನೆ ಮಾಡಿದರು. ನಿವೃತ್ತಿಯವರೆಗೂ, ಅಂದರೆ 58 ವರ್ಷ ತುಂಬುವವರೆಗೂ, ಅದೇ ಸುತ್ತಿನಲ್ಲಿ ಇದ್ದರು.

ಶನಿವಾರ ಬೆಳಗಿನ ಶಾಲೆ ಅಲ್ವಾ? ಮಧ್ಯಾಹ್ನ ಊಟ ಮುಗಿಸಿ, ಹಾಜರಿ ಪುಸ್ತಕದಲ್ಲಿ ಆ ವಾರ ಜಾಸ್ತಿ 'ಗೈರು' ಬಿದ್ದ ಹೆಸರು ನೋಡಿಕೊಂಡು, ಕೊಡೆ ಹಿಡಿದು ಹೊರಡುತ್ತಿದ್ದರು. ನನ್ನ ಅಮ್ಮ ಚಿಕ್ಕವಳಿದ್ದಾಗ ಜೊತೆಗೆ ಹೋಗುತ್ತಿದ್ದಳು. ಅವಳು ಹೇಳಿದ್ದು ಇದು. ಅಡಿಕೆ ಸುಲಿಯುವ ಕಾಲ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬಾರದೆ ಬಹಳ ದಿನ ಆಗಿತ್ತು. ಹೋಗಿ ನೋಡಿದರೆ ತಾಯಿ ಮಗಳು ಇಬ್ಬರೂ ಅಡಿಕೆ ರಾಶಿಯ ಮುಂದೆ ಕೂತಿದ್ದಾರೆ. ಸುಲಿದಷ್ಟಕ್ಕೆ ಕೂಲಿ. ಅಮ್ಮಮ್ಮ ಶಾಲೆಯ ಮಾತೇ ಎತ್ತಲಿಲ್ಲ. ಇನ್ನೊಂದು ಮೆಟ್ಟುಗತ್ತಿ ಎಳೆದುಕೊಂಡು ಕೂತು ತಾವೂ ಸುಲಿಯತೊಡಗಿದರು. ಮಳೆ, ಗದ್ದೆ, ನೆಂಟರು ಅಂತ ಏನೇನೋ ಮಾತು. ಕತ್ತಲಾಗುವ ಹೊತ್ತಿಗೆ ಕೈ ತುಂಬ ಅಡಿಕೆಯ ಕರೆ. ಎದ್ದು ನಿಂತು, 'ನಾನು ಸುಲಿದದ್ದು ಅವಳ ಲೆಕ್ಕಕ್ಕೆ ಹಾಕ್ಕೊ ಮಾರಾಯ್ತಿ, ಸೋಮವಾರ ಕಳಿಸು' ಅಂದರಂತೆ. ಆ ಹುಡುಗಿ ಬಂದಳು. ಸಮಾರಾಧನೆಗೂ ಬಂದಿದ್ದಳು, ಮಗನ ಜೊತೆ.

ಅಮ್ಮಮ್ಮನಿಗೆ ಸಿಟ್ಟು ಬೇಗ ಬರುತ್ತಿತ್ತು. ಒತ್ತಕ್ಷರ ತಪ್ಪಿದರೆ ಬೆತ್ತ ಕೈಗೆ ಬರುತ್ತಿತ್ತು. ಅದನ್ನು ನಾನು ಹೊಗಳುವುದಿಲ್ಲ. ಆದರೆ ಯಾವ ಮಗು ಯಾಕೆ ಬಂದಿಲ್ಲ ಎಂದು ಅವರಿಗೆ ಗೊತ್ತಿರುತ್ತಿತ್ತು. ಗೊತ್ತುಮಾಡಿಕೊಳ್ಳಲು ಅವರಿಗೆ ಶನಿವಾರದ ಮಧ್ಯಾಹ್ನ ಇತ್ತು.

ಈಗ ಅದೇ ಸುತ್ತಿನ ಒಂದು ಶಾಲೆಯ ಟೀಚರೂ ಸಮಾರಾಧನೆಯ ದಿನ ಬಂದಿದ್ದರು. ಒಳ್ಳೆಯ ಹುಡುಗಿ, ಮಕ್ಕಳೆಂದರೆ ಪ್ರಾಣ. ಎಲೆ ಮುಂದೆ ಕೂತಾಗಲೂ ಎಡಗೈಯಲ್ಲಿ ಫೋನ್ ಹಿಡಿದು ವಾಟ್ಸಾಪ್ ಗ್ರೂಪಿಗೆ ಏನೋ ಅಂಕಿಅಂಶ ಕಳಿಸುತ್ತಿದ್ದರು. 'ಇವತ್ತೇ ಬೇಕಂತೆ' ಅಂದರು. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ವಿವರ ಆನ್‌ಲೈನ್‌ನಲ್ಲಿ ತುಂಬುವ ಎಸ್‌ಎಟಿಎಸ್ ಎಂಟ್ರಿ, ಮತದಾರರ ಪಟ್ಟಿ. ಹಾಲು, ಮೊಟ್ಟೆ ಮಕ್ಕಳಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರ ಲೆಕ್ಕವನ್ನು ಪಾಠ ಮಾಡುವವರೇ ಬರೆಯಬೇಕಾ?

ಜನಗಣತಿ, ಚುನಾವಣೆ ಕೆಲಸವನ್ನು ಅಮ್ಮಮ್ಮನೂ ಮಾಡಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಕೂಡ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟನ್ನು ಬಿಟ್ಟು ಶಿಕ್ಷಣಕ್ಕೆ ಸೇರದ ಬೇರೆ ಕೆಲಸಕ್ಕೆ ಟೀಚರನ್ನು ಹಾಕಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ನಮ್ಮ ಟೀಚರುಗಳು ಮನೆ ಮನೆ ಸುತ್ತಿದರು. ದಸರಾ ರಜೆಯನ್ನೇ ಮುಂದುವರಿಸಬೇಕಾಯಿತು. ಸಮೀಕ್ಷೆ ಬೇಡ ಎನ್ನುತ್ತಿಲ್ಲ. ಟೀಚರು ಒಂದು ಮನೆಯ ಮೆಟ್ಟಿಲು ಹತ್ತುವುದು ಆ ಮನೆಯ ಮಗುವಿಗಾಗಿ ಆಗಲಿ ಎನ್ನುತ್ತಿದ್ದೇನೆ.

2025ರ ಜುಲೈ 14ರಂದು ಆ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತು. ಈಗ ಸಾಗರದಿಂದ ಓಡಾಡುವುದು ಸುಲಭ. ಟೀಚರು ಅದೇ ಊರಲ್ಲಿ ಮನೆ ಮಾಡಬೇಕು ಎಂದು ನಾನು ಕೇಳುವುದಿಲ್ಲ. ಅವರಿಗೂ ಮನೆ, ಮಕ್ಕಳು ಇದ್ದಾರೆ. ನಾನು ಕೇಳುವುದು ಸಣ್ಣದು. ಅಕ್ಕಪಕ್ಕದ ಶಾಲೆಗಳು ಸೇರಿದ ಪ್ರತಿ ಕ್ಲಸ್ಟರ್‌ಗೆ ಒಬ್ಬ ಗುಮಾಸ್ತರನ್ನು ಕೊಡಿ, ಲೆಕ್ಕ ಮತ್ತು ಆನ್‌ಲೈನ್ ಎಂಟ್ರಿ ಅವರು ನೋಡಿಕೊಳ್ಳಲಿ. ಮತದಾರರ ಪಟ್ಟಿಯ ಕೆಲಸ ಚುನಾವಣಾ ಆಯೋಗಕ್ಕೆ ಸೇರಿದ್ದು, ಗೊತ್ತು. ಆದರೂ ಒಬ್ಬರೋ ಇಬ್ಬರೋ ಟೀಚರಿರುವ ಶಾಲೆಗಳನ್ನು ಬಿಟ್ಟುಬಿಡಿ ಎಂದು ಸಚಿವರಾಗಿ ನೀವು ಪತ್ರ ಬರೆಯಬಹುದಲ್ವಾ? ಶನಿವಾರ ಮಧ್ಯಾಹ್ನ ಯಾವ ಮೀಟಿಂಗ್, ಯಾವ ತರಬೇತಿಯೂ ಬೇಡ. ಗೈರಾದ ಮಗುವಿನ ಮನೆಗೆ ಹೋಗಿಬಂದರೆ ಅದನ್ನು ಕರ್ತವ್ಯ ಎಂದೇ ಲೆಕ್ಕ ಹಿಡಿಯಿರಿ. ಅದಕ್ಕೆ ಇನ್ನೊಂದು ಫಾರ್ಮ್ ಮಾತ್ರ ಮಾಡಬೇಡಿ, ದಯವಿಟ್ಟು.

ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ ಈ ಬಗ್ಗೆ ಸುತ್ತೋಲೆ ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಸರ್ಕಾರಿ ಶಾಲೆಯ ಅಕ್ಕೋರೊಬ್ಬರ ಮೊಮ್ಮಗಳು
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ