ಮಗಳಿಗೊಂದು ಪತ್ರ: ಕುಸ್ಕೊದ ಕೊಸರು

ಇಳಕಲ್, ಜೂನ್ 14

ಚಿರಂಜೀವಿ ಗಿರಿಜಾಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಿನ್ನ ಅವ್ವ ಮಲಗಿದಳು, ನನಗೆ ನಿದ್ದೆ ಹತ್ತಲಿಲ್ಲ. ಹೇಳಬೇಕಾದ ಎರಡು ಮಾತು ಬಾಯಿಯವರೆಗೆ ಬಂದು ನಿಂತಿದ್ದವು. ಒಂದು ನಿನ್ನ ತಲೆನೋವಿನದು, ಇನ್ನೊಂದು ನೀನು ಕೊಂಡ ಶಾಲಿನದು. ಪೆರು ದೇಶದ ಕುಸ್ಕೊದಲ್ಲಿರುವ ನೀವು ನಮಗಿಂತ ಹತ್ತೂವರೆ ತಾಸು ಹಿಂದೆ ಇದ್ದೀರಿ. ಇದನ್ನು ಬರೆದು ಫೋಟೊ ತೆಗೆದು ಕಳುಹಿಸುತ್ತೇನೆ, ನೀನು ಏಳುವ ಹೊತ್ತಿಗೆ ಸಿಕ್ಕಿರುತ್ತದೆ.

ಮೊದಲು ತಲೆನೋವು. ನಿಮ್ಮ ನಾಲ್ವರಲ್ಲಿ ಯಾರೂ ಅದನ್ನು ಹಗುರವಾಗಿ ಕಾಣಬಾರದು. ಸಮುದ್ರದಂಡೆಯ ಲಿಮಾದಲ್ಲಿ ವಿಮಾನ ಹತ್ತಿ ಒಂದೂವರೆ ತಾಸಿನಲ್ಲಿ 3,400 ಮೀಟರ್ ಎತ್ತರದ ಊರಿನಲ್ಲಿ ಇಳಿದಿದ್ದೀರಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ನೆತ್ತಿಯ ಮೇಲೆ ಇನ್ನೊಂದು ಮುಕ್ಕಾಲು ಮುಳ್ಳಯ್ಯನಗಿರಿಯನ್ನು ಇಟ್ಟರೆ ನಿಮ್ಮ ಹಾಸ್ಟೆಲಿನ ಹೊಸ್ತಿಲು ಸಿಗುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಸಾನ್ ಬ್ಲಾಸ್ ಓಣಿಗಳ ಆ ಕಡಿದಾದ ಮೆಟ್ಟಿಲುಗಳನ್ನು ಬೆನ್ನ ಮೇಲೆ ಚೀಲ ಹೊತ್ತು ಮೊದಲ ದಿನವೇ ಹತ್ತಿದರೆ ತಲೆ ಸಿಡಿಯದೆ ಇರುತ್ತದೆಯೇ? ಊರಿನವರು ಅದಕ್ಕೆ ಸೊರೊಚೆ ಎನ್ನುತ್ತಾರೆ, ಕೋಕಾ ಎಲೆಯ ಚಹಾ ಕೊಡುತ್ತಾರೆ. ಕುಡಿ, ಅಲ್ಲಿ ಅದು ಮನೆಮನೆಯ ಪಾನೀಯ. ಆದರೆ ಆ ಎಲೆಯನ್ನಾಗಲಿ, ಚಹಾದ ಪೊಟ್ಟಣವನ್ನಾಗಲಿ ಚೀಲದಲ್ಲಿ ಇಟ್ಟುಕೊಂಡು ಬರಬೇಡ. ನಮ್ಮ ದೇಶದ ಕಾನೂನಿನಲ್ಲಿ ಅದು ಅಪರಾಧ.

ನಾಡಿದ್ದು ಬಣ್ಣದ ಬೆಟ್ಟ ವಿನಿಕುಂಕಾಕ್ಕೆ ಹೋಗುತ್ತೇವೆ ಎಂದೆಯಲ್ಲ, ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಎತ್ತರ 5,000 ಮೀಟರಿಗೂ ಹೆಚ್ಚು. ಮಾಚು ಪಿಚು ಬೆಟ್ಟದ ಮೇಲಿನ ಊರಾದ್ದರಿಂದ ಕುಸ್ಕೊಗಿಂತ ಎತ್ತರದಲ್ಲಿದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ, ಅದು 2,430 ಮೀಟರಿನಲ್ಲಿದೆ, ಸುಮಾರು ಸಾವಿರ ಮೀಟರ್ ತಗ್ಗು. ಅದರ ದಾರಿಯ ಕಣಿವೆಯಲ್ಲಿರುವ ಒಯಾಂತಾಯ್ತಾಂಬೊ ಊರು ಕೂಡ 2,800ರ ಆಸುಪಾಸು. ಮೊದಲು ಕಣಿವೆಗೆ ಇಳಿದು ಅಲ್ಲಿ ಎರಡು ರಾತ್ರಿ ಮಲಗಿ, ಮಾಚು ಪಿಚು ನೋಡಿ, ಮೈ ಒಗ್ಗಿದ ಮೇಲೆ ಎತ್ತರಕ್ಕೆ ಹೋಗಿ. ಸುಮ್ಮನೆ ಕುಳಿತಿದ್ದಾಗಲೂ ಯಾರಿಗಾದರೂ ಏದುಸಿರು ಬಂದರೆ, ನಡೆಯುವಾಗ ಹೆಜ್ಜೆ ತಪ್ಪಿದರೆ, ಮಾತು ಗೊಂದಲವಾದರೆ, ಮುಂಗಡ ಕೊಟ್ಟ ದುಡ್ಡಿನ ಮುಖ ನೋಡದೆ ಆ ಕ್ಷಣವೇ ಕೆಳಗೆ ಇಳಿಸಿ, ವೈದ್ಯರಿಗೆ ತೋರಿಸಿ. ಬೆಳಗಾಗಲಿ ಎಂದು ಕಾಯಬೇಡಿ.

ರೈಲಿನ ದರ ಉಳಿಸಲು ನೀವು ಆರಿಸಿಕೊಂಡ ದಾರಿಯನ್ನು ನಕಾಶೆಯಲ್ಲಿ ಬೆರಳಿಟ್ಟು ನೋಡಿದೆ. ವ್ಯಾನಿನಲ್ಲಿ ಅಬ್ರಾ ಮಾಲಗಾ ಘಟ್ಟ ದಾಟಿ, ಸಾಂತಾ ಮರಿಯಾ, ಸಾಂತಾ ತೆರೆಸಾ ಹಾಯ್ದು ಜಲವಿದ್ಯುತ್ ಕೇಂದ್ರದವರೆಗೆ ಆರೇಳು ತಾಸು, ಅಲ್ಲಿಂದ ರೈಲು ಹಳಿಯ ಪಕ್ಕದಲ್ಲಿ ಹತ್ತು ಕಿಲೋಮೀಟರ್ ನಡಿಗೆ. ಒಳ್ಳೆಯ ದಾರಿ, ನಾನು ಬೇಡ ಅನ್ನುವುದಿಲ್ಲ. ಬೆಳಗಿನ ವ್ಯಾನನ್ನೇ ಹಿಡಿಯಿರಿ. ಜೂನ್ ಎಂದರೆ ಅಲ್ಲಿ ಚಳಿಗಾಲ, ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಣಿವೆಯೊಳಗೆ ಕತ್ತಲು ಇನ್ನೂ ಬೇಗ. ಶಾಲೆಯಲ್ಲಿ ಮಕ್ಕಳಿಗೆ ನಾನು ಪ್ರತಿ ವರ್ಷ ಹೇಳುತ್ತಿದ್ದ ಪಾಠ ಇದೇ. ಭೂಮಧ್ಯರೇಖೆಯಿಂದ ನಮ್ಮ ಆಗುಂಬೆ ಎಷ್ಟು ಉತ್ತರಕ್ಕಿದೆಯೋ ಕುಸ್ಕೊ ಅಷ್ಟೇ ದಕ್ಷಿಣಕ್ಕಿದೆ, ಎರಡೂ ಹದಿಮೂರೂವರೆ ಡಿಗ್ರಿ. ಆಗುಂಬೆಯಲ್ಲಿ ಮಳೆ ಹೊಯ್ಯುವ ಈ ತಿಂಗಳು ನಿನಗೆ ಒಣ ಚಳಿ, ನೀಲಿ ಆಕಾಶ. ಪಾಠ ಹೇಳಿದ ಅಷ್ಟು ವರ್ಷದಲ್ಲಿ ಆ ಇನ್ನೊಂದು ಹದಿಮೂರೂವರೆಯಲ್ಲಿ ನನ್ನ ಮಗಳು ನಿಂತಿರುತ್ತಾಳೆ ಎಂದು ಎಣಿಸಿರಲಿಲ್ಲ. ರಾತ್ರಿ ಊರ ದೀಪಗಳಿಂದ ದೂರ ಇದ್ದರೆ ತಲೆ ಎತ್ತಿ ಆಕಾಶಗಂಗೆಯನ್ನು ನೋಡು. ಅಲ್ಲಿಯವರು ಚುಕ್ಕಿಗಳಲ್ಲಿ ಮಾತ್ರವಲ್ಲ, ಚುಕ್ಕಿಗಳ ನಡುವಿನ ಕಪ್ಪಿನಲ್ಲಿಯೂ ಆಕಾರ ಕಂಡವರು. ಅದರಲ್ಲೊಂದು ಲಾಮಾ, ಅಂದರೆ ಅಲ್ಲಿಯ ಸಾಕುಪ್ರಾಣಿ, ಇದೆ; ಆಲ್ಫಾ ಮತ್ತು ಬೀಟಾ ಸೆಂಟಾರಿ ಚುಕ್ಕಿಗಳು ಅದರ ಎರಡು ಕಣ್ಣು.

ದುಡ್ಡಿನಲ್ಲಿ ನೀವು ತೋರಿದ ಜಾಣತನ ನನಗೆ ಹೆಮ್ಮೆ ತಂದಿದೆ. ಪ್ರವಾಸಿ ತಾಣಗಳ ಒಟ್ಟು ಟಿಕೆಟ್ಟಿಗೆ ಅಲ್ಲಿಯ ದುಡ್ಡಿನಲ್ಲಿ 130 ಸೋಲ್ ಇರುವಾಗ ವಿದ್ಯಾರ್ಥಿ ಗುರುತುಪತ್ರ ತೋರಿಸಿ 70ಕ್ಕೆ ಪಡೆದದ್ದು, ಚೌಕದ ಹೋಟೆಲುಗಳನ್ನು ಬಿಟ್ಟು ಒಳ ಓಣಿಯಲ್ಲಿ ಸೂಪು, ಅನ್ನ, ಪಾನೀಯ ಎಲ್ಲ ಸೇರಿದ ದಿನದ ಊಟ ಹುಡುಕಿದ್ದು, ಎಲ್ಲವೂ ಸರಿ. ‘ಸಿನ್ ಕಾರ್ನೆ’, ಮಾಂಸ ಬೇಡ, ಎಂದರೂ ತಟ್ಟೆಗೆ ಕೋಳಿ ಬಂದದ್ದು ಕೇಳಿ ನಿನ್ನ ಅವ್ವ ಬಹಳ ನೊಂದುಕೊಂಡಳು. ಅವರಿಗೆ ಕೋಳಿ ‘ಕಾರ್ನೆ’ಯ ಲೆಕ್ಕಕ್ಕೆ ಬರುವುದಿಲ್ಲ, ಬೇರೆಯಾಗಿಯೇ ‘ಸಿನ್ ಪೊಯೊ’ ಎನ್ನಬೇಕು. ಸೂಪನ್ನು ಮಾಂಸ ಬೇಯಿಸಿದ ನೀರಿನಲ್ಲಿ ಕುದಿಸಿದ್ದಾರೆಯೇ ಎಂದೂ ಕೇಳಿಕೋ. ಅನುಮಾನ ಇದ್ದಲ್ಲಿ ಬೇಯಿಸಿದ ಜೋಳದ ತೆನೆ ಮತ್ತು ಗಿಣ್ಣದಂಥ ಆ ಚೀಸ್ ತಿನ್ನು, ಆಲೂಗಡ್ಡೆ ತಿನ್ನು. ಆಲೂಗಡ್ಡೆಗೆ ಅದು ತವರುಮನೆ, ತಾಯಿ. ನಮ್ಮ ಅಡುಗೆಮನೆಗೆ ಬಂದದ್ದು ಅಲ್ಲಿಂದಲೇ.

ಸಾನ್ ಪೆದ್ರೊ ಮಾರುಕಟ್ಟೆಯ ಹಣ್ಣಿನ ರಸದ ಅಂಗಡಿಯ ಕಥೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಲೋಟ ಖಾಲಿಯಾದ ಮೇಲೆ ಆ ತಾಯಿ ಕೇಳದೆಯೇ ಜಾಡಿಯಲ್ಲಿ ಉಳಿದದ್ದನ್ನು ಮತ್ತೆ ನಿನ್ನ ಲೋಟಕ್ಕೆ ಸುರಿದು ‘ಯಾಪಾ’ ಎಂದಳು ಎಂದೆ. ಅದು ಅಲ್ಲಿಯ ಮೂಲನಿವಾಸಿಗಳ ಕೆಚುವಾ ಭಾಷೆಯ ಮಾತು. ಗಿರಿಜಾ, ಅದು ನಮ್ಮ ಕೊಸರು! ಸಂತೆಯಲ್ಲಿ ಮೆಣಸಿನಕಾಯಿ ತೂಗಿದ ಮೇಲೆ ಮುಷ್ಟಿಯಲ್ಲಿ ಇನ್ನಷ್ಟು ತೆಗೆದು ಚೀಲಕ್ಕೆ ಹಾಕುವ ಕೈ ಅಲ್ಲಿಯೂ ಇದೆ.

ಅದನ್ನು ಹೇಳಿದ ಉಸಿರಿನಲ್ಲಿಯೇ ನೀನು ಶಾಲಿನ ಸಂಗತಿಯನ್ನೂ ಹೇಳಿದೆ. ಸಾನ್ ಬ್ಲಾಸಿನ ಮೆಟ್ಟಿಲ ಮೇಲೆ ಕುಳಿತ ಮುದುಕಿ, ತಾನೇ ನೇಯ್ದದ್ದು ಎಂದು 180 ಸೋಲ್ ಹೇಳಿದಳು, ನೀವು ಎದ್ದು ಹೊರಟಂತೆ ಮಾಡಿದಿರಿ, ಹಿಂದೆ ಕರೆದು 90ಕ್ಕೆ ಕೊಟ್ಟಳು. ಗೆದ್ದ ದನಿಯಲ್ಲಿ ಹೇಳಿದೆ. ನಾನು ಸುಮ್ಮನಾದೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ನಿನ್ನ ಅಜ್ಜಿಯ ಜೊತೆ ಸೀರೆ ಹಿಡಿದು ವ್ಯಾಪಾರಿಯ ಅಂಗಡಿಗೆ ಹೋಗಿದ್ದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ವಾರವೆಲ್ಲ ಕುಳಿತು ನೇಯ್ದ ಸೀರೆ. ಆತ ಅದನ್ನು ಗಾದಿಯ ಮೇಲೆ ಹರಡಿ, ಬೆಳಕಿಗೆ ಹಿಡಿದು, ಮಗುಚಿ, ಸೆರಗಿನ ಹತ್ತಿರ ಕಡಿದು ಕೂಡಿಸಿದ ಒಂದು ಎಳೆಯನ್ನು ಉಗುರಿನಿಂದ ಎತ್ತಿ ತೋರಿಸಿದ. ಮಾತನಾಡಲಿಲ್ಲ, ಸೀರೆ ಮಡಚಿ ನಮ್ಮ ಕಡೆ ತಳ್ಳಿದ. ಅಜ್ಜಿ ಬಾಗಿಲವರೆಗೆ ಬಂದಳು, ನಿಂತಳು, ತಿರುಗಿ ಹೋಗಿ ಆತ ಹೇಳಿದ ದರಕ್ಕೆ ಕೊಟ್ಟಳು. ನಿನ್ನ ಶಾಲಿನ ಕಥೆಯಲ್ಲಿ ಎದ್ದು ಹೊರಟವರು ನೀವು, ನಮ್ಮ ಕಥೆಯಲ್ಲಿ ಹೊರಟವಳು ಅವಳು. ಸೋತದ್ದು ಮಾತ್ರ ಎರಡು ಕಡೆಯೂ ನೇಯ್ದವಳೇ. ದಾರಿಯಲ್ಲಿ ಅಜ್ಜಿ ಒಂದೇ ಮಾತು ಕೇಳಿದಳು, ‘ಆ ಎಳೆ ಅಷ್ಟು ಕಾಣುತ್ತದೆಯೇನೋ?’ ಎಂದು.

ನಿನ್ನನ್ನು ಬೈಯುತ್ತಿಲ್ಲ, ತಾಯಿ. ಅಲ್ಲಿ ಚೌಕಾಸಿ ಇದ್ದದ್ದೇ, ಅಂಗಡಿಗಳಲ್ಲಿ ‘ಬೇಬಿ ಅಲ್ಪಾಕ’ ಎಂಬ ನವಿರು ಉಣ್ಣೆಯದೆಂದು ಮಾರುವ ಎಷ್ಟೋ ಶಾಲುಗಳು ಯಂತ್ರದಲ್ಲಿ ನೇಯ್ದ ಅಕ್ರಿಲಿಕ್ ಎಂಬುದೂ ನಿಜ. ಅದರ ದರವನ್ನು ಎಷ್ಟು ಬೇಕಾದರೂ ಇಳಿಸು. ಆದರೆ ಮೊದಲು ಬಟ್ಟೆಯನ್ನು ಓದುವುದು ಕಲಿ, ನೀನು ಮಗ್ಗದ ಮನೆಯಲ್ಲಿ ಹುಟ್ಟಿದವಳು. ಅವರ ಮಗ್ಗ ನಮ್ಮದರಂತಲ್ಲ. ಹಾಸಿನ, ಅಂದರೆ ಉದ್ದ ಎಳೆಗಳ, ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಸೊಂಟಕ್ಕೆ ಪಟ್ಟಿಯಿಂದ ಬಿಗಿಯುತ್ತಾರೆ, ನೇಯುವವಳು ಹಿಂದಕ್ಕೆ ವಾಲಿದಷ್ಟೂ ಎಳೆ ಬಿಗಿ. ನಕ್ಷೆಗೆ ಬೇಕಾದ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಹೆಕ್ಕಿ, ಲಾಮಾದ ಮೂಳೆಯಿಂದ ಅಡ್ಡ ಎಳೆಯ ಹೊಕ್ಕನ್ನು ಬಡಿದು ಕೂಡಿಸುತ್ತಾರೆ. ಹಾಗೆ ನೇಯ್ದ ಬಟ್ಟೆಗೆ ನಾಲ್ಕು ಬದಿಯೂ ದಡಿ, ಕತ್ತರಿ ತಾಕಿದ ಗುರುತು ಎಲ್ಲಿಯೂ ಇರುವುದಿಲ್ಲ. ಮಗುಚಿ ನೋಡು. ಕೈನೇಯ್ಗೆಯ ಎಷ್ಟೋ ಬಟ್ಟೆಗಳಲ್ಲಿ ಹಿಂಬದಿಗೂ ಅದೇ ನಕ್ಷೆ ಬಣ್ಣ ಅದಲುಬದಲಾಗಿ ಕಾಣುತ್ತದೆ.

ಇಂಕಾ ದೊರೆಗಳು ‘ಕುಂಬಿ’ ಎಂಬ ನವಿರಾದ ಬಟ್ಟೆಯನ್ನು ಬಂಗಾರಕ್ಕಿಂತ ಮೇಲೆಂದು ಎಣಿಸಿದ್ದರು, ಗೆದ್ದ ನಾಡಿನ ನಾಯಕರಿಗೆ ಉಡುಗೊರೆಯಾಗಿ ಕೊಡುತ್ತಿದ್ದರು. 1533ರಲ್ಲಿ ಕುಸ್ಕೊಗೆ ಬಂದ ಸ್ಪೇನಿನವರಿಗೆ ಸೂರ್ಯನ ಗುಡಿಯಾದ ಕೊರಿಕಾಂಚಾದ ಗೋಡೆಯ ಬಂಗಾರ ಕಂಡಿತು. ಆ ಬಂಗಾರ ಕರಗಿ ಹೋಯಿತು, ನೇಯ್ಗೆ ಉಳಿಯಿತು. ಅದೂ ತಾನಾಗಿ ಉಳಿದದ್ದಲ್ಲ. ಚಿಂಚೆರೊ ಊರಿನ ನಿಲ್ಡಾ ಕಲ್ಯಾನ್ಯಾಉಪಾ ಎಂಬ ನೇಕಾರ ಹೆಣ್ಣುಮಗಳು ಮುದುಕಿಯರಿಂದ ಮರೆತುಹೋಗುತ್ತಿದ್ದ ನಕ್ಷೆಗಳನ್ನು ಕಲಿತು, 1996ರಲ್ಲಿ ಕುಸ್ಕೊದಲ್ಲಿ ಸಾಂಪ್ರದಾಯಿಕ ನೇಯ್ಗೆಯ ಕೇಂದ್ರ ಕಟ್ಟಿದರು. ಸೋಲ್ ಬೀದಿಯಲ್ಲಿ ಅದರ ಮಳಿಗೆ ಇದೆ. ಅಲ್ಲಿ ಹೆಣ್ಣುಮಕ್ಕಳು ನೆಲದ ಮೇಲೆ ಕುಳಿತು ನೇಯುವುದನ್ನು ನೋಡಬಹುದು. ಒಂದು ಮಧ್ಯಾಹ್ನ ಅಲ್ಲಿ ಕುಳಿತು ಬಾ. ಆಮೇಲೆ 180 ಸೋಲ್ ಹೆಚ್ಚೋ ಕಡಿಮೆಯೋ ನೀನೇ ಲೆಕ್ಕ ಹಾಕು. ಚಿಂಚೆರೊಗೆ ಹೋದರೆ ಪಾಪಸುಕಳ್ಳಿಯ ಮೇಲಿನ ಹುಳುವನ್ನು ಅಂಗೈಯಲ್ಲಿ ಅರೆದು ಕೆಂಪು ಬಣ್ಣ ತೆಗೆಯುವುದನ್ನೂ ತೋರಿಸುತ್ತಾರೆ.

ನಿನ್ನ ಶಾಲು ಕೈನೇಯ್ಗೆಯದೇ ಆಗಿದ್ದರೆ ಆ ಮುದುಕಿಯ ಹತ್ತಿರ ಮತ್ತೊಮ್ಮೆ ಹೋಗು. ದಿನವೂ ಅದೇ ಮೆಟ್ಟಿಲಿನಲ್ಲಿ ಇರುತ್ತಾಳೆ ಎಂದೆಯಲ್ಲ. ಒಂದು ಸೊಂಟಪಟ್ಟಿಯನ್ನೋ ಚಿಕ್ಕ ಚೀಲವನ್ನೋ ಆರಿಸಿ, ಹೇಳಿದಷ್ಟು ಕೊಟ್ಟು ತೆಗೆದುಕೋ. ದುಡ್ಡು ಸಾಲದಿದ್ದರೆ ನಾನು ಹಾಕುತ್ತೇನೆ.

ಈಗ ನಿನ್ನ ಅವ್ವ ಎದ್ದು ಮಗ್ಗದ ಮುಂದೆ ಕುಳಿತಿದ್ದಾಳೆ. ಬರೆದದ್ದನ್ನು ಓದಿ ಹೇಳಿದೆ. ಲಾಳಿ ನಿಲ್ಲಿಸಿ ಕೇಳಿದಳು, ‘ನಾಲ್ಕೂ ಕಡೆ ದಡಿ ಬರಬೇಕಾದರೆ ಕೊನೆಯ ನಾಲ್ಕು ಬೆರಳು ಜಾಗದಲ್ಲಿ ಹೊಕ್ಕನ್ನು ಹೇಗೆ ತೂರಿಸುತ್ತಾರೆ? ಅಲ್ಲಿ ಲಾಳಿ ಹಿಡಿಸುವುದಿಲ್ಲವಲ್ಲ.’ ನನಗೆ ಗೊತ್ತಾಗಲಿಲ್ಲ. ಆ ಮುದುಕಿಯನ್ನು ಕೇಳಿ, ಆಕೆ ಒಪ್ಪಿದರೆ ಅವಳ ಕೈ ಕಾಣುವಂತೆ ಒಂದು ವಿಡಿಯೊ ತೆಗೆದು ಅವ್ವನಿಗೆ ಕಳುಹಿಸು. ನಮ್ಮ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದನ್ನು ಅವ್ವ ನಾಳೆ ನಿಧಾನವಾಗಿ ಮಾಡಿ ತೋರಿಸುತ್ತಾಳಂತೆ, ನಾನು ಚಿತ್ರೀಕರಿಸಿ ಕಳುಹಿಸುತ್ತೇನೆ. ಅದನ್ನು ಆ ತಾಯಿಗೆ ತೋರಿಸು.

ಇಂತಿ,
ನಿನ್ನ ಅಪ್ಪ