ಉಪಯುಕ್ತತೆ ಮಸೂದೆ ಎಲ್ಲಿ ಸಿಗುತ್ತದೆ?

ಮಾನ್ಯ ಸಂಪಾದಕರೇ,

ಕಳೆದ ವಾರ ಕೆವೈಸಿ ಮಾಡಿಸಲು ಬ್ಯಾಂಕಿಗೆ ಹೋಗಿದ್ದೆ. ಕನ್ನಡದ ಫಾರಂ ಕೊಟ್ಟರು. ಖುಷಿಯಾಯಿತು. ಆದರೆ ವಿಳಾಸದ ಪುರಾವೆ ಎಂಬಲ್ಲಿ ‘ಉಪಯುಕ್ತತೆ ಮಸೂದೆ, ಎರಡು ತಿಂಗಳಿಗಿಂತ ಹಳೆಯದಾಗಿರಬಾರದು’ ಎಂದಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜ, ‘ಸಾರ್, ಮಸೂದೆ ಅಂದ್ರೆ ವಿಧಾನಸೌಧದಲ್ಲಿ ಮಂಡಿಸೋದಲ್ವಾ? ನಾನೆಲ್ಲಿಂದ ತರಲಿ?’ ಎಂದರು. ಕೌಂಟರಿನ ಹುಡುಗನಿಗೂ ತಿಳಿಯಲಿಲ್ಲ. ಹಾಳೆ ತಿರುಗಿಸಿ ಇಂಗ್ಲಿಷ್ ನೋಡಿದ. ‘ಓ, ಯುಟಿಲಿಟಿ ಬಿಲ್! ಕರೆಂಟ್ ಬಿಲ್ ಕೊಡಿ ಅಜ್ಜಾ.’ ಅದು ಅಜ್ಜನ ಜೇಬಿನಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ. ಗೃಹಜ್ಯೋತಿಯ ಸೊನ್ನೆ ಬಿಲ್ಲು.

ನಾನು ಪಿಯುಸಿ ಮಕ್ಕಳಿಗೆ 31 ವರ್ಷ ಕನ್ನಡದಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವನು. ಈ ಯುಟಿಲಿಟಿ ಜೊತೆ ನನಗೆ ಹಳೇ ಒಡನಾಟ. ನಮ್ಮ ಪಾಠದಲ್ಲಿ ಅದು ‘ತುಷ್ಟಿಗುಣ’. ಉಪಯುಕ್ತತೆ ಎಂದರೆ ಮಕ್ಕಳು ಹಾದಿ ತಪ್ಪುತ್ತಾರೆ. ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ಅರ್ಥಶಾಸ್ತ್ರ ಕೇಳುವುದಿಲ್ಲ. ಆಸೆ ತೀರಿಸುತ್ತದಾ, ಅಷ್ಟೇ. ಬೀಡಿಯಿಂದ ಯಾವ ಉಪಯೋಗವೂ ಇಲ್ಲ, ಸೇದುವವನಿಗೆ ತುಷ್ಟಿಗುಣ ಮಾತ್ರ ಇದ್ದೇ ಇದೆ. ಒಂದೇ ವಸ್ತುವನ್ನು ಒಂದಾದ ಮೇಲೊಂದು ಅನುಭವಿಸುತ್ತಾ ಹೋದಂತೆ ಪ್ರತಿ ಹೆಚ್ಚಿನ ಒಂದರಿಂದ ಸಿಗುವ ತೃಪ್ತಿ, ಅಂದರೆ ಸೀಮಾಂತ ತುಷ್ಟಿಗುಣ, ಕಡಿಮೆಯಾಗುತ್ತದೆ ಎನ್ನುವ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮಕ್ಕೆ ಪುಸ್ತಕದಲ್ಲಿ ಸೇಬು, ಕಿತ್ತಳೆ ಇರುತ್ತವೆ. ನಾನು ಹೋಳಿಗೆ ಹಿಡಿಯುತ್ತಿದ್ದೆ. ಮೊದಲನೆಯದಕ್ಕೆ ಇನ್ನೂ ಸ್ವಲ್ಪ ತುಪ್ಪ ಎನ್ನುತ್ತೇವೆ. ಮೂರನೆಯದು ಸುಮ್ನೆ ಒಳಗೆ ಹೋಗುತ್ತದೆ. ಐದನೆಯದು ಬಂದಾಗ ಎಲೆಗೆ ಎರಡೂ ಕೈ ಅಡ್ಡ. ಸೀಮಾಂತ ತುಷ್ಟಿಗುಣ ಸೊನ್ನೆಗಿಳಿದ ಗುರುತು ಅದು. ಹಿಂದಿನ ಬೆಂಚಿನವರಿಗೂ ಅರ್ಥವಾಗುತ್ತಿತ್ತು.

ಬೆಂಗಳೂರಿನಲ್ಲಿ ಮಗಳಿಗೆ ಫ್ಲ್ಯಾಟ್ ಹುಡುಕುವಾಗ ಬ್ರೋಕರ್ ಅಡುಗೆಮನೆಯ ಹಿಂದಿನ ಮೂರಡಿ ಜಾಗ ತೋರಿಸಿ ‘ಇದು ಯುಟಿಲಿಟಿ’ ಎಂದ. ವಾಷಿಂಗ್ ಮೆಷಿನ್, ಪಾತ್ರೆ ತೊಳೆಯುವ ಸಿಂಕು, ನೆಲ ಒರೆಸುವ ಕೋಲು. ನಮ್ಮ ಹಿತ್ತಿಲೇ ಅಲ್ವಾ ಇದು, ಮೂರನೇ ಮಹಡಿಗೆ ಹತ್ತಿದೆ ಅಷ್ಟೇ. ಎಂ.ಜಿ. ರಸ್ತೆಯ 25 ಮಹಡಿಯ ಕಟ್ಟಡವನ್ನು ಜನ ಯುಟಿಲಿಟಿ ಬಿಲ್ಡಿಂಗ್ ಎಂದೇ ಕರೆದರು. ಎಸ್‌ಯುವಿ, ಅಂದರೆ ಸ್ಪೋರ್ಟ್ ಯುಟಿಲಿಟಿ ವೆಹಿಕಲ್ ಅನ್ನು ‘ಕ್ರೀಡಾ ಉಪಯುಕ್ತತೆ ವಾಹನ’ ಎಂದು ಇನ್ನೂ ಯಾರೂ ಬರೆದಿಲ್ಲ ಎಂದುಕೊಂಡಿದ್ದೇನೆ.

ಕಾನೂನಿನಲ್ಲಿ ‘ಸಾರ್ವಜನಿಕ ಉಪಯುಕ್ತ ಸೇವೆ’ ಎಂದಿದೆ. ಅಂಚೆ, ಫೋನು, ಕರೆಂಟು, ನೀರು, ಆಸ್ಪತ್ರೆ, ವಿಮೆ ಎಲ್ಲ ಅದರಲ್ಲಿ ಬರುತ್ತವೆ. ಇವುಗಳ ತಕರಾರಿಗೆ ಕಾಯಂ ಲೋಕ ಅದಾಲತ್‌ ಇದೆ, ಕೋರ್ಟ್ ಶುಲ್ಕವಿಲ್ಲ. ಹೆಸರು ಓದಿ ಇದು ಕರೆಂಟ್ ಬಿಲ್ಲಿನ ಜಗಳಕ್ಕೂ ಆಗುತ್ತದೆ ಎಂದು ಎಷ್ಟು ಜನಕ್ಕೆ ಹೊಳೆದೀತು?

ನನ್ನ ಕೋರಿಕೆ ಚಿಕ್ಕದು. ಯಾವ ಬಿಲ್ಲುಗಳು ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೆಸರು ಹಿಡಿದು ಹೇಳುತ್ತದೆ: ಕರೆಂಟು, ಫೋನು, ಪೋಸ್ಟ್‌ಪೇಯ್ಡ್ ಮೊಬೈಲು, ಪೈಪ್ ಗ್ಯಾಸು, ನೀರು. ಫಾರಂನಲ್ಲಿ ಇಷ್ಟನ್ನೇ ಅಚ್ಚು ಹಾಕಲಿ. ಉಪಯುಕ್ತತೆಯೂ ಬೇಡ, ಮಸೂದೆಯೂ ಬೇಡ.

ಅಂದಹಾಗೆ, ಅಜ್ಜನ ಕೆಲಸ ಅವತ್ತು ಆಗಲಿಲ್ಲ. ಬಿಲ್ಲು ಮಗನ ಹೆಸರಿನಲ್ಲಿತ್ತು.

– ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಹಾಸನ