ಬುಲ್‌ಪೆನ್ ಸೇರಿದ ಪುಟ್ಟನಿಗೆ

ಎಡಿಸನ್, ನ್ಯೂಜೆರ್ಸಿ

ಚಿ॥ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೇಸ್‌ಬಾಲ್ ಕೋಚ್ ನಿನ್ನನ್ನು ಪಂದ್ಯದ ಮೊದಲಿನಿಂದ ಚೆಂಡು ಎಸೆಯುವ ಸ್ಟಾರ್ಟರ್‌ಗಳ ಸಾಲಿನಿಂದ ತೆಗೆದು, ನಡುವೆ ಕರೆ ಬಂದಾಗ ಎಸೆಯಲು ಕಾದು ಕೂರುವವರ ಬುಲ್‌ಪೆನ್‌ಗೆ ಹಾಕಿದರಂತೆ, ನೀನು ಸರಿಯಾಗಿ ಊಟವನ್ನೂ ಮಾಡುತ್ತಿಲ್ಲವಂತೆ. ನಿನ್ನಮ್ಮ ಫೋನ್ ಮಾಡಿದ್ದಳು. ಕನ್ನಡ ಓದಲು ತಡವರಿಸಿದರೆ ಇದನ್ನು ಅವಳ ಕೈಲೇ ಓದಿಸಿಕೋ.

ಮರಿಯಾನೋ ರಿವೇರಾ ಕೂಡ ಸ್ಟಾರ್ಟರ್ ಆಗಿ ನಿಲ್ಲಲಾಗದವನೇ. 1995ರಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡದ ಪರ 10 ಪಂದ್ಯ ಶುರುಮಾಡಿದ; ಆ ವರ್ಷದ ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಅವನ ಲೆಕ್ಕಕ್ಕೆ ಬಂದ ರನ್‌ಗಳ ಸರಾಸರಿ, 5.51; ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಮರುವರ್ಷ ಬುಲ್‌ಪೆನ್‌ನಿಂದ ಬಂದವನದು 2.09. ಮುಂದೆ ತಂಡದ ಮುನ್ನಡೆಯನ್ನು ಕೊನೆವರೆಗೆ ಕಾಯ್ದುಕೊಟ್ಟ 652 ಸೇವ್, 2019ರಲ್ಲಿ ಒಂದು ಮತವೂ ತಪ್ಪದೆ ಆಟದ ಮಹನೀಯರ ಹಾಲ್ ಆಫ್ ಫೇಮ್. ಆದರೆ ಅವನ ಹೆಸರು ಹೇಳಿ ನಿನ್ನನ್ನು ಉಬ್ಬಿಸಲಾರೆ, ಅಂಥವನು ಒಬ್ಬನೇ.

ನೀನು ನೋಡಬೇಕಾದದ್ದು ಡೆನ್ನಿಸ್ ಎಕರ್ಸ್ಲಿಯನ್ನು. ಹನ್ನೆರಡು ವರ್ಷ ಸ್ಟಾರ್ಟರ್ ಆಗಿದ್ದವನು 1987ರಲ್ಲಿ ಓಕ್ಲಂಡ್ ತಂಡಕ್ಕೆ ಬಂದು ಬುಲ್‌ಪೆನ್ ಸೇರಿದ. 1988ರ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್, ಮೊದಲ ಪಂದ್ಯ, ಕೊನೆಯ ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಮುಗಿಯಿತು. ಎರಡೂ ಕಾಲಿಗೆ ಪೆಟ್ಟಾಗಿದ್ದ ಎದುರಾಳಿ ತಂಡದ ಕರ್ಕ್ ಗಿಬ್ಸನ್ ಕುಂಟುತ್ತ ಬಂದು ಎಕರ್ಸ್ಲಿಯ ಬಾಗಿ ಬರುವ ಸ್ಲೈಡರ್ ಎಸೆತಕ್ಕೆ ಹೋಮ್ ರನ್ ಹೊಡೆದ, ಪಂದ್ಯ ಕೈಬಿಟ್ಟುಹೋಯಿತು. ಎಕರ್ಸ್ಲಿ ಮುಖ ಮರೆಸಿಕೊಳ್ಳಲಿಲ್ಲ, ಪತ್ರಕರ್ತರು ಕೇಳಿದ್ದಕ್ಕೆಲ್ಲ ಕೂತು ಉತ್ತರ ಕೊಟ್ಟ. 1992ರಲ್ಲಿ ಶ್ರೇಷ್ಠ ಎಸೆತಗಾರನಿಗೆ ಕೊಡುವ ಸೈ ಯಂಗ್, ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಎರಡೂ ಅವನಿಗೇ ಬಂದವು. ಆ ಪ್ರಶಸ್ತಿಗಳಿಗಿಂತ ಆ ರಾತ್ರಿ ಅವನು ನಡೆದುಕೊಂಡ ರೀತಿಯೇ ನನಗೆ ದೊಡ್ಡದು.

ಇನ್ನು ನಿನ್ನ ಕೆಲಸ. ನಿನಗಿಂತ ಮೊದಲು ಎಸೆದವನು ಬೇಸ್ ಮೇಲೆ ಬಿಟ್ಟುಹೋದ ಎದುರಾಳಿ ಓಟಗಾರ ನೀನು ಎಸೆಯುವಾಗ ರನ್ ಗಳಿಸಿದರೆ ಅದು ಬಿಟ್ಟುಹೋದವನ ಲೆಕ್ಕಕ್ಕೇ ಹೋಗುತ್ತದೆ, ನಿನ್ನ ಇಆರ್‌ಎ ಕೆಡುವುದಿಲ್ಲ. ಲೆಕ್ಕ ನಿನ್ನನ್ನು ಬಿಟ್ಟಿತೆಂದು ನೀನು ಸುಮ್ಮನಿರಬೇಡ. ಅಂಥವರಲ್ಲಿ ಎಷ್ಟು ಜನರನ್ನು ತಡೆದೆ ಎಂದು ನೀನೇ ಬರೆದಿಟ್ಟುಕೋ. ಸ್ಟಾರ್ಟರ್‌ಗಳಂತೂ ಅದನ್ನು ಮರೆಯುವುದಿಲ್ಲ.

ತೋಳಿನ ಬಗ್ಗೆ ನನಗೆ ಜಾಸ್ತಿ ಚಿಂತೆ. ಎದ್ದು ಪೂರ್ತಿ ವಾರ್ಮ್‌ಅಪ್ ಮಾಡಿ, ಕರೆ ಬಾರದೆ ಮತ್ತೆ ಕೂತ ದಿನ ಕಾಗದದಲ್ಲಿ ನೀನು ಆಡಿಯೇ ಇಲ್ಲ. ಮೊಣಕೈ ಮಾತ್ರ ಆಡಿರುತ್ತದೆ. “ನಿನ್ನೆ ಎರಡು ಸಲ ಎದ್ದಿದ್ದೆ” ಎಂದು ಕೋಚ್‌ಗೆ ಬಾಯಿಬಿಟ್ಟು ಹೇಳು. ದೊಡ್ಡವರಿಗೆ ಎದುರಾಡಬಾರದೆಂದು ನಮ್ಮ ಮನೆ ಮಕ್ಕಳು ನೋವು ನುಂಗಿಕೊಂಡು ಕೂರುತ್ತಾರೆ. ಇಲ್ಲಿ ಅದು ಬೇಡ.

ಪ್ರೊಫೆಷನಲ್ ಆಗುವ ಮಾತು ಆಮೇಲೆ. ಮೇಜರ್ ಲೀಗ್ ತಲುಪಿದ ಮೇಲೂ, ಆಪ್ಷನ್, ಅಂದರೆ ಕೆಳಗಿಳಿಸುವ ತಂಡದ ಹಕ್ಕು, ಉಳಿದಿರುವ ರಿಲೀವರನ್ನು, ಅಂದರೆ ಬುಲ್‌ಪೆನ್‌ನವನನ್ನು, ಒಂದೇ ಸೀಸನ್‌ನಲ್ಲಿ ಐದು ಸಲದವರೆಗೆ ಕೆಳಗಿನ ಮೈನರ್ ಲೀಗ್‌ಗೆ ಇಳಿಸಬಹುದು. ಬಾಡಿಗೆ ಮನೆ ಹಿಡಿಯಲೂ ಯೋಚಿಸಬೇಕಾದ ಬದುಕು. ಅದಕ್ಕೇ ಡಿಗ್ರಿ ಮುಗಿಸಿಕೋ ಅನ್ನುವುದು. ಆಟ ಬಿಡಿಸುವ ಮಾತನ್ನು ನಿನ್ನಪ್ಪ ಎತ್ತಿದರೆ ನನಗೆ ಬಿಡು, ಅವನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ